ಯಾರ ಕಿವಿಗೆ ಮೊದಲು?

1932ರ ಚಳಿಗಾಲ ಇನ್ನೇನು ಕಾಲಿಡಬೇಕು ಅನ್ನುವಾಗ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನ ಬಾಲಕಿಯರ ಸುಧಾರಣಾ ಶಾಲೆಯಲ್ಲಿ ಗಲಿಬಿಲಿ ಎದ್ದಿತು. ಎರಡೇ ವಾರದಲ್ಲಿ ಹದಿನಾಲ್ಕು ಹುಡುಗಿಯರು ಓಡಿಹೋಗಿದ್ದರು. ಅಲ್ಲಿಂದ ತಪ್ಪಿಸಿಕೊಳ್ಳುವುದು ಹೊಸದೇನಲ್ಲ. ಹೆಸರಿಗೆ ಶಾಲೆಯಾದರೂ ಕೋರ್ಟು ಕಳಿಸಿದ ಮಕ್ಕಳನ್ನು ಇಟ್ಟುಕೊಳ್ಳುವ ಜಾಗ ಅದು. ಮುಂದೆ ಜಾಝ್ ಗಾಯನದ ರಾಣಿ ಎನಿಸಿಕೊಂಡ ಎಲಾ ಫಿಟ್ಸ್‌ಜೆರಾಲ್ಡ್ ಕೂಡ ಹದಿಹರೆಯದಲ್ಲಿ ಅಲ್ಲಿ ಇದ್ದು ಬಂದವರೇ. ಆದರೆ ಆಗೊಬ್ಬರು ಈಗೊಬ್ಬರು ಮಾಯವಾಗುವುದು ಬೇರೆ, ಹೀಗೆ ಸಾಲುಗಟ್ಟಿ ಹೊರಡುವುದು ಬೇರೆ. ಹೋದವರ ಸ್ವಭಾವ, ಮನೆಯ ಹಿನ್ನೆಲೆ, ಬುದ್ಧಿಶಕ್ತಿ ಯಾವುದನ್ನು ನೋಡಿದರೂ ಉಳಿದವರಿಗಿಂತ ಬೇರೆಯಾದದ್ದು ಏನೂ ಕಾಣಲಿಲ್ಲ.

ಅಲ್ಲಿ ಸಂಶೋಧನೆಗೆಂದು ಬಂದಿದ್ದ ಜೇಕಬ್ ಮೊರೆನೊ ಎಂಬ ವೈದ್ಯ ಬೇರೊಂದು ದಾರಿ ಹಿಡಿದ. ಬುಖಾರೆಸ್ಟಿನಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಓದಿ, ನಾಟಕದ ಹುಚ್ಚನ್ನೂ ಹಚ್ಚಿಕೊಂಡಿದ್ದ ಮನುಷ್ಯ. ಅವನೂ ಅವನ ಸಹೋದ್ಯೋಗಿ ಹೆಲೆನ್ ಜೆನಿಂಗ್ಸ್‌ಳೂ ಹುಡುಗಿಯರನ್ನು ಒಂದು ಸಾದಾ ಪ್ರಶ್ನೆ ಕೇಳಿದ್ದರು: ನಿನಗೆ ಯಾರ ಜೊತೆ ಇರಲು ಇಷ್ಟ, ಯಾರ ಜೊತೆ ಕಷ್ಟ? ಉತ್ತರಗಳನ್ನು ಕಾಗದದ ಮೇಲೆ ಹಾಕಿದರು. ಹುಡುಗಿ ಒಂದು ಚುಕ್ಕೆ, ಒಲವು ಒಂದು ಗೆರೆ. ಒಂದೊಂದು ವಸತಿಗೃಹವೂ ಒಂದೊಂದು ನಕ್ಷೆಯಾಯಿತು. ಓಡಿಹೋದ ಹದಿನಾಲ್ಕು ಮಂದಿಯನ್ನು ಅದರಲ್ಲಿ ಗುರುತಿಸಿದಾಗ ಅವರು ಗೆರೆಗಳ ಒಂದು ಸರಪಳಿಯಲ್ಲಿ ಕೂತಿದ್ದರು. ಓಡಿಹೋಗುವ ಯೋಚನೆ ಒಬ್ಬಳಿಂದ ಇನ್ನೊಬ್ಬಳಿಗೆ ಸಾಗಿದ್ದು ಆ ದಾರಿಯಲ್ಲೇ ಎಂದು ಮೊರೆನೊ ವಾದಿಸಿದ. 1933ರ ಏಪ್ರಿಲ್‌ನಲ್ಲಿ ಅವನ ನಕ್ಷೆಗಳ ಸುದ್ದಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬಂತು, ಮರುವರ್ಷ ಪುಸ್ತಕವಾಯಿತು.

ಇವತ್ತು ‘ಸೋಷಿಯಲ್ ನೆಟ್‌ವರ್ಕ್’ ಎಂದರೆ ಮೊಬೈಲು ನೆನಪಾಗುತ್ತದೆ. ಆದರೆ ಸಂಬಂಧಗಳ ಜಾಲವನ್ನು ಅಳೆಯುವ ವಿದ್ಯೆಯ ಮೊದಲ ದೊಡ್ಡ ನಕ್ಷೆಗಳಲ್ಲಿ ಮೂಡಿದ್ದು ಓಡಿಹೋದ ಹುಡುಗಿಯರ ಸಂಬಂಧಗಳು. ಎಂಬತ್ತು ಚಿಲ್ಲರೆ ವರ್ಷಗಳ ಬಳಿಕ ಲಾಸ್ ಏಂಜಲೀಸಿನ ಬೀದಿಗಳಲ್ಲಿ ಮಲಗುವ ಹುಡುಗ ಹುಡುಗಿಯರ ಮಧ್ಯೆ ಎಚ್‌ಐವಿ ತಿಳಿವಳಿಕೆ ಹರಡಲು ಕೃತಕ ಬುದ್ಧಿಮತ್ತೆಯನ್ನು ಕರೆತಂದಾಗ ಅದಕ್ಕೆ ಕೊಟ್ಟದ್ದೂ ಇಂಥದೇ ಚುಕ್ಕೆ ಗೆರೆಗಳನ್ನು. ನಡುವಿನ ಇತಿಹಾಸವೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ. ಒಂದು ಸಮುದಾಯಕ್ಕೆ ಮಾತು ಮುಟ್ಟಬೇಕಾದರೆ ಅದನ್ನು ಮೊದಲು ಯಾರ ಕಿವಿಗೆ ಹಾಕಬೇಕು?

ಮನುಷ್ಯರ ಬಾಯಿಮಾತಿಗೆ ಇಷ್ಟೊಂದು ಕಿಮ್ಮತ್ತು ಇದೆಯೆಂದು ವಿದ್ವಾಂಸರು ಒಪ್ಪಿದ್ದೂ ಆಕಸ್ಮಿಕವಾಗಿಯೇ. 1940ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಪಾಲ್ ಲಾಜಾರ್ಸ್‌ಫೆಲ್ಡ್ ಮತ್ತು ಸಂಗಡಿಗರು ಒಹಾಯೊದ ಈರಿ ಕೌಂಟಿಗೆ ಹೋದದ್ದು ರೇಡಿಯೊ ಮತ್ತು ಪತ್ರಿಕೆ ಮತದಾರರ ಮನಸ್ಸನ್ನು ಹೇಗೆ ತಿರುಗಿಸುತ್ತವೆ ಎಂದು ನೋಡಲು. ಕಂಡದ್ದು ಬೇರೆ. ಜನ ಮನಸ್ಸು ಬದಲಿಸುತ್ತಿದ್ದುದು ಹೆಚ್ಚಾಗಿ ಇನ್ನೊಬ್ಬ ಮನುಷ್ಯನ ಮಾತಿನಿಂದ. ರೇಡಿಯೊ ಪತ್ರಿಕೆಗಳನ್ನು ಗಮನವಿಟ್ಟು ಅನುಸರಿಸುವ ಕೆಲವರು ಆ ವಿಷಯವನ್ನು ಉಳಿದವರಿಗೆ ದಾಟಿಸುತ್ತಿದ್ದರು. ಎಲಿಹು ಕಾಟ್ಸ್ ಜೊತೆ ಸೇರಿ 1955ರಲ್ಲಿ ಲಾಜಾರ್ಸ್‌ಫೆಲ್ಡ್ ಪ್ರಕಟಿಸಿದ ಪುಸ್ತಕ ಇಲಿನಾಯ್‌ನ ಡಿಕೇಟರ್ ಊರಿನ ಹೆಂಗಸರು ಸಿನಿಮಾ, ಬಟ್ಟೆಬರೆ, ದಿನಸಿಯ ವಿಷಯದಲ್ಲಿ ಯಾರ ಮಾತು ಕೇಳುತ್ತಾರೆ ಎಂಬುದರ ಬೆನ್ನು ಹತ್ತಿತು. ಹೀಗೆ ಮಾತು ದಾಟಿಸುವವರನ್ನು ‘ಒಪೀನಿಯನ್ ಲೀಡರ್’ ಎಂದು ಕರೆಯುವುದು ರೂಢಿಗೆ ಬಂತು.

ಇತ್ತ ಮನೆ ಬಿಟ್ಟ ಮಕ್ಕಳ ಕಥೆ ಬೇರೆ ಹಾದಿಯಲ್ಲಿ ಸಾಗುತ್ತಿತ್ತು. 1967ರ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೇಟ್-ಆ್ಯಶ್‌ಬರಿ ಬಡಾವಣೆಗೆ ದೇಶದ ಮೂಲೆಮೂಲೆಯಿಂದ ಹರೆಯದವರು ಹರಿದು ಬಂದರು. ಹೂವು, ಹಾಡು, ಗಾಂಜಾ ಎಲ್ಲ ಇತ್ತು. ಮಲಗಲು ಜಾಗ ಇರಲಿಲ್ಲ. ಜೂನ್ 7ರಂದು ಡೇವಿಡ್ ಸ್ಮಿತ್ ಎಂಬ ಯುವ ವೈದ್ಯ ಕ್ಲೇಟನ್ ರಸ್ತೆಯಲ್ಲಿ ಉಚಿತ ಕ್ಲಿನಿಕ್ ತೆರೆದ. ದೊಡ್ಡಾಸ್ಪತ್ರೆಯಲ್ಲಿ ಪೊಲೀಸರಿಗೆ ಹಿಡಿದುಕೊಟ್ಟಾರು ಎಂದು ಹೆದರಿದವರು, ಗುಹ್ಯರೋಗವನ್ನೋ ಡ್ರಗ್ಸಿನ ಅಮಲನ್ನೋ ಮುಚ್ಚಿಟ್ಟುಕೊಂಡವರು ಅಲ್ಲಿಗೆ ಬಂದರು. ಅದೇ ತಿಂಗಳು ಓಡಿಬಂದ ಮಕ್ಕಳಿಗೆಂದೇ ಹಕಲ್‌ಬೆರಿ ಹೌಸ್ ಶುರುವಾಯಿತು. ಅಮೆರಿಕದಲ್ಲಿ ಆ ಬಗೆಯ ಆಸರೆಮನೆಗಳಿಗೆ ಅದೇ ಮೇಲ್ಪಂಕ್ತಿ.

ಸರ್ಕಾರ ಕಣ್ಣು ತೆರೆಯಲು ಒಂದು ಘೋರ ಘಟನೆ ಬೇಕಾಯಿತು. 1973ರ ಆಗಸ್ಟ್‌ನಲ್ಲಿ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲೂ ಅದರ ಹೊರಗೂ ಹೂತಿಟ್ಟಿದ್ದ ಇಪ್ಪತ್ತೇಳು ಹುಡುಗರ ಹೆಣಗಳು ಸಿಕ್ಕವು. ಮಗ ಕಾಣೆಯಾಗಿದ್ದಾನೆಂದು ಠಾಣೆಗೆ ಹೋದ ಹಲವು ತಂದೆತಾಯಂದಿರಿಗೆ ‘ಓಡಿಹೋಗಿರಬೇಕು’ ಎಂಬ ಉತ್ತರ ಸಿಕ್ಕಿತ್ತು. ಮರುವರ್ಷ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು ಅಂಗೀಕರಿಸಿದ ಬಾಲನ್ಯಾಯ ಕಾನೂನಿನಲ್ಲಿ ಓಡಿಹೋದ ಮಕ್ಕಳಿಗೆಂದೇ ಒಂದು ಭಾಗ ಸೇರಿತು, ಆಸರೆಮನೆಗಳಿಗೆ ಕೇಂದ್ರದ ಹಣ ಬರತೊಡಗಿತು. ಲಾಸ್ ಏಂಜಲೀಸಿನ ಹಾಲಿವುಡ್‌ನ ಬೀದಿ ಮಕ್ಕಳಿಗಾಗಿ 1988ರಲ್ಲಿ ಹುಟ್ಟಿದ ‘ಮೈ ಫ್ರೆಂಡ್ಸ್ ಪ್ಲೇಸ್’, ಅದೇ ಊರಿನ ವೆನಿಸ್ ಕಡಲತೀರದ ಕಡೆ 2011ರಲ್ಲಿ ಶುರುವಾದ ‘ಸೇಫ್ ಪ್ಲೇಸ್ ಫಾರ್ ಯೂತ್’ ಈ ಪರಂಪರೆಯವೇ. ಇಂಥ ಜಾಗಗಳಿಗೆ ‘ಡ್ರಾಪ್-ಇನ್ ಸೆಂಟರ್’ ಎಂದು ಹೆಸರು. ಹಗಲು ಬಂದು ಸ್ನಾನ ಮಾಡಬಹುದು, ಊಟ ಮಾಡಬಹುದು, ಫೋನು ಚಾರ್ಜಿಗೆ ಹಾಕಬಹುದು. ಯಾರೂ ಪಾಠ ಹೇಳಲು ಬರುವುದಿಲ್ಲ. ಈ ಕೊನೆಯದೇ ಅವುಗಳ ಬಂಡವಾಳ. ಮನೆಯಲ್ಲಿ, ಶಾಲೆಯಲ್ಲಿ, ಠಾಣೆಯಲ್ಲಿ ದೊಡ್ಡವರ ಬುದ್ಧಿಮಾತು ಕೇಳಿ ಕೇಳಿ ಸಾಕಾಗಿ ಬಂದವರಿಗೆ ಇನ್ನೊಂದು ಬುದ್ಧಿಮಾತು ರುಚಿಸುವುದಿಲ್ಲ.

ಏಡ್ಸ್‌ನ ಮೊದಲ ಅಧಿಕೃತ ವರದಿ ಹೊರಬಿದ್ದದ್ದೂ ಇದೇ ಲಾಸ್ ಏಂಜಲೀಸಿನಿಂದ. 1981ರ ಜೂನ್ 5ರಂದು ಅಮೆರಿಕದ ರೋಗನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಐವರು ಯುವಕರ ವಿಚಿತ್ರ ನ್ಯುಮೋನಿಯಾದ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಬಂತು. ಔಷಧಿಯಿಲ್ಲ, ಲಸಿಕೆಯಿಲ್ಲ. ವೈದ್ಯಲೋಕದ ಕೈಯಲ್ಲಿ ಉಳಿದದ್ದು ಮಾತೊಂದೇ. ಆ ಮಾತಾದರೂ ಹಾಸಿಗೆಯ ವಿಷಯ. ಪೋಸ್ಟರು ಓದಿ ಯಾರೂ ತಮ್ಮ ಏಕಾಂತವನ್ನು ಬದಲಿಸಿಕೊಳ್ಳುವುದಿಲ್ಲ ಎಂಬುದು ಬೇಗ ಗೊತ್ತಾಯಿತು.

ಜೆಫ್ರಿ ಕೆಲ್ಲಿ ಎಂಬ ಮನೋವಿಜ್ಞಾನಿ ಆಗ ಒಪೀನಿಯನ್ ಲೀಡರ್‌ಗಳ ಹಳೆಯ ವಿಚಾರವನ್ನು ಧೂಳು ಕೊಡವಿ ಎತ್ತಿಕೊಂಡ. ಅಮೆರಿಕದ ದಕ್ಷಿಣದಲ್ಲಿ, ಮಿಸಿಸಿಪಿ ಮತ್ತು ಲೂಸಿಯಾನಾದ ಸಣ್ಣ ಊರುಗಳಲ್ಲಿ ಸಲಿಂಗಿ ಗಂಡಸರು ಸೇರುವ ಬಾರುಗಳಿದ್ದವು. ಅಲ್ಲಿ ಯಾರ ಮಾತು ನಡೆಯುತ್ತದೆ? ಸಮೀಕ್ಷೆ ಮಾಡುವ ಬದಲು ಕೆಲ್ಲಿಯ ತಂಡ ಕೌಂಟರಿನ ಹಿಂದೆ ನಿಂತವರ ಸಹಾಯ ಪಡೆಯಿತು. ಬಾರಿನಲ್ಲಿ ಮದ್ಯ ಕೊಡುವವನಿಗೆ ಎಲ್ಲ ಕಾಣುತ್ತದೆ: ಯಾರು ಒಳಗೆ ಬಂದರೆ ನಾಲ್ಕು ಜನ ಎದ್ದು ಕೈ ಕುಲುಕುತ್ತಾರೆ, ಯಾರ ಟೇಬಲ್ಲಿಗೆ ಕುರ್ಚಿ ಎಳೆದುಕೊಂಡು ಬರುತ್ತಾರೆ. ಅವರು ಹೆಸರಿಸಿದ ಜನಪ್ರಿಯರನ್ನು ಕರೆಸಿ, ಸ್ನೇಹಿತರ ಹತ್ತಿರ ಕಾಂಡೋಮಿನ ಮಾತನ್ನು ಸಹಜವಾಗಿ ಎತ್ತುವುದು ಹೇಗೆಂದು ಕಲಿಸಲಾಯಿತು. ಅವರ ಅಂಗಿಗೆ ಟ್ರಾಫಿಕ್ ದೀಪದ ಚಿತ್ರವಿದ್ದ ಒಂದು ಬಿಲ್ಲೆ. ಗೋಡೆಯ ಮೇಲೂ ಅದೇ ಚಿತ್ರದ ಪೋಸ್ಟರು, ಬರಹವಿಲ್ಲದೆ. ‘ಏನಿದು?’ ಎಂದು ಎದುರಿನವನು ಕೇಳಬೇಕು, ಮಾತು ಅಲ್ಲಿಂದ ಶುರುವಾಗಬೇಕು. ಜಾಣ ಉಪಾಯ. 1991ರಲ್ಲಿ ಪ್ರಕಟವಾದ ಫಲಿತಾಂಶ ಚೆನ್ನಾಗಿತ್ತು; ಅಸುರಕ್ಷಿತ ಸಂಪರ್ಕ ಗಣನೀಯವಾಗಿ ಇಳಿದಿತ್ತು.

ಚೆನ್ನಾಗಿದ್ದರಿಂದಲೇ ಮುಂದಿನ ತೊಂದರೆ ಬಂತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ಈ ವಿಧಾನವನ್ನು ಐದು ದೇಶಗಳಲ್ಲಿ ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿತು: ಚೀನಾ, ಪೆರು, ರಷ್ಯಾ, ಜಿಂಬಾಬ್ವೆ, ಭಾರತ. ನಮ್ಮ ದೇಶದಲ್ಲಿ ಆರಿಸಿಕೊಂಡದ್ದು ಚೆನ್ನೈಯನ್ನು, ಅಲ್ಲಿನ ವೈನ್ ಶಾಪುಗಳ ಸುತ್ತ ಸೇರುವ ಜನರನ್ನು. 2010ರಲ್ಲಿ ಲೆಕ್ಕ ಹೊರಬಂದಾಗ ಒಪೀನಿಯನ್ ಲೀಡರ್‌ಗಳು ಇದ್ದ ಕಡೆಗೂ ಇಲ್ಲದ ಕಡೆಗೂ ವ್ಯತ್ಯಾಸ ಕಾಣಲಿಲ್ಲ. ಅಪಾಯದ ನಡವಳಿಕೆ ಎರಡೂ ಕಡೆ ಕಡಿಮೆಯಾಗಿತ್ತು. ಪರೀಕ್ಷೆ, ಕೌನ್ಸೆಲಿಂಗ್, ಕಾಂಡೋಮು ಎಲ್ಲರಿಗೂ ಸಿಕ್ಕಿದ್ದರಿಂದ ಹೀಗಾಯಿತು ಎಂಬ ವಿವರಣೆ ಇದೆ. ಆದರೂ ಅನುಮಾನ ಉಳಿಯುತ್ತದೆ. ಸಣ್ಣ ಊರಿನ ಒಂದು ಬಾರಿನಲ್ಲಿ ‘ಇವನ ಮಾತು ನಡೆಯುತ್ತದೆ’ ಎಂದು ಬೆರಳು ತೋರಿಸುವುದು ಸುಲಭ, ಊರು ದೊಡ್ಡದಾಗಿ ಜನ ಚದುರಿದಷ್ಟೂ ಕಷ್ಟ.

ಮೊದಲು ಯಾರಿಗೆ ಹೇಳಬೇಕು ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರಗಳಲ್ಲೊಂದು ಸಿಕ್ಕಿದ್ದು ಕರ್ನಾಟಕದ ಹಳ್ಳಿಗಳಲ್ಲಿ. ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ, ಮ್ಯಾಥ್ಯೂ ಜ್ಯಾಕ್ಸನ್ ಇಲ್ಲಿನ 75 ಹಳ್ಳಿಗಳಲ್ಲಿ ಮನೆಮನೆಯ ಸಂಬಂಧಗಳನ್ನು ಬರೆದುಕೊಂಡರು. ಯಾರ ಮನೆಗೆ ಯಾರು ಹೋಗುತ್ತಾರೆ, ಸೀಮೆಎಣ್ಣೆ ಅಕ್ಕಿ ಯಾರ ಹತ್ತಿರ ಕಡ ತರುತ್ತಾರೆ, ದೇವಸ್ಥಾನಕ್ಕೆ ಯಾರ ಜೊತೆ ಹೋಗುತ್ತಾರೆ ಎಂಬಂಥ ಪ್ರಶ್ನೆಗಳು. ಕಿರುಸಾಲದ ಸಂಸ್ಥೆಯೊಂದು ಇವುಗಳಲ್ಲಿ 43 ಹಳ್ಳಿಗಳಿಗೆ ಹೋಗಿ, ಮೇಷ್ಟ್ರು, ಅಂಗಡಿಯವರು, ಸ್ವಸಹಾಯ ಸಂಘದ ಮುಖಂಡರಿಗೆ ಮೊದಲು ವಿಷಯ ತಿಳಿಸಿತು. ಮೊದಲು ಕೇಳಿದವರು ನಕ್ಷೆಯಲ್ಲಿ ಎಲ್ಲಿದ್ದಾರೆ ಎಂಬುದರ ಮೇಲೆ ಸಾಲ ಪಡೆದವರ ಸಂಖ್ಯೆ ನಿಂತಿತ್ತು ಎಂದು 2013ರಲ್ಲಿ ಅವರು ತೋರಿಸಿದರು. ಸಾಲ ತೆಗೆದುಕೊಂಡವರು ವಿಷಯವನ್ನು ಹೆಚ್ಚು ದಾಟಿಸಿದರು. ತೆಗೆದುಕೊಳ್ಳದವರೂ ಸುಮ್ಮನಿರಲಿಲ್ಲ, ಹರಡಿದ ಸುದ್ದಿಯಲ್ಲಿ ಸುಮಾರು ಮೂರನೇ ಒಂದು ಪಾಲು ಅವರದು.

ಅದಕ್ಕಿಂತ ಸ್ವಾರಸ್ಯವಾದದ್ದು ಎರಡನೆಯ ಸುತ್ತು. ನಕ್ಷೆ ಬರೆಯುವುದು ದುಬಾರಿ ಕೆಲಸ, ಅದನ್ನು ಬಿಟ್ಟು ಜನರನ್ನೇ ಕೇಳಿದರೆ? ಊರಲ್ಲಿ ನಾಟಕವೋ ಸಂಗೀತ ಕಾರ್ಯಕ್ರಮವೋ ಜಾತ್ರೆಯೋ ಮಾಡಿಸುತ್ತೇವೆ ಅನ್ನಿ, ಟಿಕೆಟಿನ ವಿಷಯ ಎಲ್ಲರಿಗೂ ಮುಟ್ಟಬೇಕಾದರೆ ಯಾರಿಗೆ ಹೇಳಬೇಕು? ಹಳ್ಳಿಯವರು ಥಟ್ಟನೆ ಹೆಸರು ಕೊಟ್ಟರು, ಆ ಹೆಸರುಗಳು ನಕ್ಷೆಯಲ್ಲಿ ಆಯಕಟ್ಟಿನ ಜಾಗದಲ್ಲೇ ಇದ್ದವು. ಬಳಿಕ 213 ಹಳ್ಳಿಗಳಲ್ಲಿ ಪ್ರಯೋಗ. ಪ್ರತಿ ಊರಿನಲ್ಲೂ ಮೂರರಿಂದ ಐದು ಜನರಿಗೆ ಮಾತ್ರ ಸುದ್ದಿ ತಿಳಿಸಲಾಯಿತು: ಈ ನಂಬರಿಗೆ ಪುಕ್ಕಟೆ ಕರೆ ಮಾಡಿದವರಿಗೆಲ್ಲ ಮೊಬೈಲೋ ನಗದೋ ಬಹುಮಾನದ ಅವಕಾಶ, ಒಬ್ಬರು ಕರೆ ಮಾಡಿದರೆ ಇನ್ನೊಬ್ಬರಿಗೆ ಕಡಿಮೆಯಾಗುವುದಿಲ್ಲ. ಕೆಲವು ಕಡೆ ಚೀಟಿ ಎತ್ತಿದಂತೆ ಆರಿಸಿದವರಿಗೆ, ಕೆಲವು ಕಡೆ ಊರಿನ ಹಿರಿಯರಿಗೆ, ಕೆಲವು ಕಡೆ ‘ಇವರ ಬಾಯಿಗೆ ಬಿದ್ದರೆ ಸಾಕು’ ಎಂದು ಊರವರೇ ತೋರಿಸಿದವರಿಗೆ. ಗೆದ್ದವರು ಈ ಕೊನೆಯವರು. ಊರ ಹಿರಿಯರು ಮುಂದೆ ಬರಲಿಲ್ಲ. ಹಳ್ಳಿಯಲ್ಲಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನಿದೆ ಅನಿಸಬಹುದು. ಆದರೆ ಸರ್ಕಾರಿ ಕಾರ್ಯಕ್ರಮಗಳು ಇಂದಿಗೂ ವೇದಿಕೆಗೆ ಕರೆಯುವುದು ಹಿರಿಯರನ್ನೇ.

ಹಾಗಾದರೆ ಕಂಪ್ಯೂಟರಿಗೆ ಇಲ್ಲೇನು ಕೆಲಸ? ಅದು ಈ ಕಥೆಗೆ ಬಂದದ್ದು ಆರೋಗ್ಯದ ಬಾಗಿಲಿನಿಂದ ಅಲ್ಲ, ವ್ಯಾಪಾರದ ಬಾಗಿಲಿನಿಂದ. ಇಂಟರ್‌ನೆಟ್ಟಿನಲ್ಲಿ ಒಬ್ಬ ಗಿರಾಕಿ ಇನ್ನೊಬ್ಬನನ್ನು ಎಳೆದು ತರುವುದನ್ನು ಕಂಡ ಕಂಪನಿಗಳಿಗೆ, ಮೊದಲ ಪುಕ್ಕಟೆ ಸ್ಯಾಂಪಲ್ಲನ್ನು ಯಾರಿಗೆ ಕೊಟ್ಟರೆ ಹೆಚ್ಚು ಲಾಭ ಎಂಬ ಚಿಂತೆ. 2001ರಲ್ಲಿ ಪೆಡ್ರೊ ಡೊಮಿಂಗೋಸ್ ಮತ್ತು ಮ್ಯಾಥ್ಯೂ ರಿಚರ್ಡ್‌ಸನ್ ಇದನ್ನು ಗಣಿತದ ಪ್ರಶ್ನೆಯಾಗಿ ಇಟ್ಟರು. ಎರಡು ವರ್ಷದ ಬಳಿಕ ಡೇವಿಡ್ ಕೆಂಪೆ, ಜಾನ್ ಕ್ಲೈನ್‌ಬರ್ಗ್, ಎವಾ ಟಾರ್ಡೋಸ್ ಒಂದು ಪ್ರಸಿದ್ಧ ಪ್ರಬಂಧ ಬರೆದರು. ಅತ್ಯುತ್ತಮ ಗುಂಪನ್ನು ಕರಾರುವಾಕ್ಕಾಗಿ ಹುಡುಕುವುದು ಕಂಪ್ಯೂಟರಿಗೂ ಅಸಾಧ್ಯವೆನ್ನುವಷ್ಟು ಕಷ್ಟ, ಆದರೆ ಒಬ್ಬೊಬ್ಬರನ್ನೇ, ಪ್ರತಿ ಸಲವೂ ‘ಈಗಾಗಲೇ ಆರಿಸಿದವರು ಮುಟ್ಟದ ಎಷ್ಟು ಜನರನ್ನು ಇವನು ಮುಟ್ಟುತ್ತಾನೆ’ ಎಂದು ನೋಡಿ ಸೇರಿಸುತ್ತ ಹೋದರೆ ಅತ್ಯುತ್ತಮದ ಸುಮಾರು ಶೇ 63ಕ್ಕಿಂತ ಕೆಳಗೆ ಬೀಳುವುದಿಲ್ಲ ಎಂದು ಸಾಧಿಸಿದರು.

ಜನಪ್ರಿಯರನ್ನು ಆರಿಸುವ ಹಳೆಯ ಪದ್ಧತಿಯ ದೋಷ ಇಲ್ಲಿ ಬಯಲಾಗುತ್ತದೆ. ಜನಪ್ರಿಯರಿಗೆ ಜನಪ್ರಿಯರೇ ಗೆಳೆಯರು. ಅತಿ ಹೆಚ್ಚು ಸ್ನೇಹಿತರಿರುವ ಹತ್ತು ಜನರನ್ನು ಆರಿಸಿದರೆ ಅವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಮದುವೆಮನೆಯ ಒಂದೇ ಪಂಕ್ತಿಗೆ ನಾಲ್ಕು ಸಲ ಪಾಯಸ ಬಡಿಸಿದ ಹಾಗೆ. ಮೂಲೆಯಲ್ಲಿ ಕೂತ ಸಣ್ಣ ಗುಂಪಿಗೆ ಏನೂ ಬರುವುದಿಲ್ಲ.

ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಮಿಲಿಂದ್ ತಾಂಬೆ ಈ ಹೊತ್ತಿಗೆ ಬೇರೆಯೇ ಕಾರಣಕ್ಕೆ ಹೆಸರಾಗಿದ್ದರು. ಪಿಲಾನಿಯ ಬಿಟ್ಸ್‌ನಲ್ಲಿ ಓದಿದ ಈ ಕಂಪ್ಯೂಟರ್ ವಿಜ್ಞಾನಿಯ ತಂಡ ರೂಪಿಸಿದ ‘ಆರ್ಮರ್’ ಎಂಬ ವ್ಯವಸ್ಥೆಯನ್ನು 2007ರಲ್ಲಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣ ಬಳಸತೊಡಗಿತ್ತು. ಪೊಲೀಸರು ಯಾವ ರಸ್ತೆಯಲ್ಲಿ ಯಾವಾಗ ತಪಾಸಣೆ ಮಾಡಬೇಕೆಂಬುದನ್ನು ಹೊಂಚು ಹಾಕುವವನಿಗೆ ಊಹಿಸಲಾಗದಂತೆ ಆಟದ ಸಿದ್ಧಾಂತದ ಲೆಕ್ಕದಿಂದ ನಿಗದಿ ಮಾಡುವ ತಂತ್ರ ಅದು. ಅದೇ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗದಲ್ಲಿ ಎರಿಕ್ ರೈಸ್ ಎಂಬ ಸಮಾಜವಿಜ್ಞಾನಿ ವರ್ಷಗಟ್ಟಲೆ ಬೀದಿಯ ಹುಡುಗರ ಸ್ನೇಹಬಳಗಗಳನ್ನು ಬರೆದುಕೊಳ್ಳುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊಬೈಲಿದೆ, ಮನೆ ಬಿಟ್ಟರೂ ಊರಿನ ಗೆಳೆಯರ ನಂಟು ಬಿಟ್ಟಿಲ್ಲ ಎಂಬುದನ್ನು ತೋರಿಸಿಕೊಟ್ಟವರಲ್ಲಿ ರೈಸ್ ಒಬ್ಬರು. ಇಬ್ಬರೂ ಸೇರಿ 2016ರಲ್ಲಿ ಸಮಾಜಕ್ಕಾಗಿ ಕೃತಕ ಬುದ್ಧಿಮತ್ತೆ ಎಂಬ ಗುರಿಯ ಒಂದು ಕೇಂದ್ರ ತೆರೆದರು.

ಅವರ ಮುಂದಿದ್ದ ಲೆಕ್ಕ ಸರಳವಾಗಿ ಕಾಣುತ್ತದೆ. ಒಂದು ಡ್ರಾಪ್-ಇನ್ ಸೆಂಟರಿಗೆ ಬರುವ ಹುಡುಗ ಹುಡುಗಿಯರಲ್ಲಿ ಕೆಲವರನ್ನು ಆರಿಸಿ, ಕಾಂಡೋಮು, ಎಚ್‌ಐವಿ ಪರೀಕ್ಷೆಯ ಬಗ್ಗೆ ತರಬೇತಿ ಕೊಟ್ಟು, ಗೆಳೆಯರಿಗೆ ಹೇಳಿ ಎಂದು ಕಳಿಸಬೇಕು. ಇವರು ‘ಪೀರ್ ಲೀಡರ್’ಗಳು. ಸಿಬ್ಬಂದಿ ಕಡಿಮೆ, ಹಣ ಕಡಿಮೆ. ಒಂದು ಸಲಕ್ಕೆ ನಾಲ್ಕೈದು ಜನರಿಗಿಂತ ಹೆಚ್ಚು ತರಬೇತಿ ಆಗದು. ಯಾರನ್ನು ಕರೆಯುವುದು?

ಬೀದಿಗೆ ಇಳಿದರೆ ಪಠ್ಯಪುಸ್ತಕದ ಗಣಿತದ ಒಂದೊಂದೇ ಹಲ್ಲು ಉದುರುತ್ತದೆ. ಮೊದಲನೆಯದು, ನಕ್ಷೆಯೇ ಇಲ್ಲ. ಊಟದ ಸಾಲಿನಲ್ಲಿ ನಿಂತ ಹುಡುಗನನ್ನು ‘ಕಳೆದ ತಿಂಗಳು ಯಾರ ಜೊತೆ ಓಡಾಡಿದೆ?’ ಎಂದರೆ ಅವನು ಹೇಳುವುದು ಅಡ್ಡಹೆಸರುಗಳನ್ನು. ಅಸಲಿ ಹೆಸರು ಗೆಳೆಯನಿಗೂ ಗೊತ್ತಿರುವುದಿಲ್ಲ. ಮೊದಲ ಪ್ರಯತ್ನದಲ್ಲಿ ಫೇಸ್‌ಬುಕ್ಕಿನ ಸ್ನೇಹಪಟ್ಟಿಯನ್ನೂ ಬಳಸಿ ನೋಡಿದರು. ಎರಡನೆಯದು, ಗೆರೆ ಇದ್ದ ಮಾತ್ರಕ್ಕೆ ಮಾತು ದಾಟುತ್ತದೆಯೇ? ಜೊತೆಯಲ್ಲಿ ಮಲಗುವ ಗೆಳೆಯನಿಗೂ ಕಾಂಡೋಮಿನ ಮಾತು ಹೇಳಲು ಮುಜುಗರ. ಹೇಳುವ ಸಂಭವ ಎಷ್ಟೆಂದು ಅಳೆದವರಿಲ್ಲ. ಮೂರನೆಯದು, ಆರಿಸಿದವರು ಬರಬೇಕಲ್ಲ! ಸೋಮವಾರ ಒಪ್ಪಿಕೊಂಡ ಹುಡುಗ ಬುಧವಾರ ಪೊಲೀಸರ ವಶದಲ್ಲಿರಬಹುದು, ಬೇರೆ ಊರಿನ ಬಸ್ಸು ಹತ್ತಿರಬಹುದು.

ತಾಂಬೆಯವರ ವಿದ್ಯಾರ್ಥಿಗಳಾದ ಅಮೂಲ್ಯ ಯಾದವ್ ಮತ್ತು ಬ್ರಯನ್ ವೈಲ್ಡರ್ ಈ ಅನಿಶ್ಚಿತತೆಯನ್ನೇ ಲೆಕ್ಕದ ಒಳಗೆ ತಂದರು. ಯಾದವ್ ಕಟ್ಟಿದ ‘ಹೀಲರ್’ ಒಂದೇ ಏಟಿಗೆ ಎಲ್ಲರನ್ನೂ ಆರಿಸುವುದಿಲ್ಲ. ಮೊದಲು ಕೆಲವರನ್ನು ಆರಿಸುತ್ತದೆ. ಅವರ ತರಬೇತಿಯ ವೇಳೆ ಯಾರು ಯಾರಿಗೆ ನಿಜಕ್ಕೂ ಆಪ್ತರು ಎಂಬುದು ಇನ್ನಷ್ಟು ಗೊತ್ತಾಗುತ್ತದೆ, ಯಾರು ಬರಲಿಲ್ಲ ಎಂಬುದೂ. ಅದನ್ನು ಸೇರಿಸಿಕೊಂಡು ಮುಂದಿನ ಕಂತು. ವೈಲ್ಡರ್‌ನ ‘ಡೋಸಿಮ್’ ಇನ್ನೂ ಅನುಮಾನದ ಪಿಂಡ. ಮಾತು ದಾಟುವ ಸಂಭವ ಗೊತ್ತಿಲ್ಲವೇ, ಹಾಗಾದರೆ ಪ್ರಕೃತಿ ನಮ್ಮ ವಿರುದ್ಧ ಆಡುವ ಎದುರಾಳಿ ಎಂದುಕೊಳ್ಳೋಣ, ಅವಳು ಯಾವ ಎಲೆ ಇಳಿಸಿದರೂ ತೀರಾ ಸೋಲದ ಆಯ್ಕೆ ಮಾಡೋಣ ಎನ್ನುತ್ತದೆ. ವಿಮಾನ ನಿಲ್ದಾಣದಲ್ಲಿ ಹೊಂಚುಗಾರನ ಎದುರು ಹೂಡಿದ ಆಟದ ಸಿದ್ಧಾಂತ ಹಾಲಿವುಡ್ಡಿನ ಬೀದಿಗೆ ಬಂದದ್ದು ಹೀಗೆ. ಇಡೀ ಕಥೆಯಲ್ಲಿ ಅತಿ ಮೆಚ್ಚಬೇಕಾದ ತಿರುವು ಇದು. ಯಂತ್ರದ ಜಾಣತನ ಇಲ್ಲಿರುವುದು ತನಗೆ ಏನು ಗೊತ್ತಿಲ್ಲ ಎಂಬುದನ್ನು ಲೆಕ್ಕವಿಟ್ಟುಕೊಳ್ಳುವುದರಲ್ಲಿ.

2017ರಲ್ಲಿ ಪ್ರಕಟವಾದ ಮೊದಲ ಕ್ಷೇತ್ರಪರೀಕ್ಷೆಯಲ್ಲಿ 173 ಯುವಜನರಿದ್ದರು. ಅತಿ ಹೆಚ್ಚು ಗೆಳೆಯರಿದ್ದವರನ್ನು ಆರಿಸುವ ಪದ್ಧತಿಯಲ್ಲಿ, ತರಬೇತಿ ಪಡೆಯದ ಉಳಿದವರ ಪೈಕಿ ಸುಮಾರು ಕಾಲು ಭಾಗಕ್ಕೆ ವಿಷಯ ಮುಟ್ಟಿತು. ಹೀಲರ್ ಮತ್ತು ಡೋಸಿಮ್ ಆರಿಸಿದ ಗುಂಪುಗಳಲ್ಲಿ ಸುಮಾರು ಶೇ 70ಕ್ಕೆ. ವಿಷಯ ಕೇಳಿ ಹೊಸದಾಗಿ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡವರ ಪ್ರಮಾಣವೂ ಈ ಎರಡು ಗುಂಪುಗಳಲ್ಲೇ ಮೇಲಿತ್ತು. ಅಂಕಿ ನೋಡಿ ಹಿಗ್ಗುವ ಮುನ್ನ ಒಂದು ಮಾತು. ಒಂದೊಂದು ಗುಂಪಿನಲ್ಲಿ ಅರವತ್ತರ ಆಸುಪಾಸು ಜನ. ಅವರಲ್ಲಿ ವಿಷಯ ಮುಟ್ಟಿದವರು, ಅವರಲ್ಲೂ ಹಿಂದೆ ಪರೀಕ್ಷೆ ಮಾಡಿಸದವರು ಎಂದು ಸೋಸುತ್ತ ಹೋದರೆ ಕೊನೆಗೆ ಉಳಿಯುವುದು ಬೆರಳೆಣಿಕೆ.

ಸಂಶೋಧಕರಿಗೂ ಅದು ಗೊತ್ತಿತ್ತು. ಅವರನ್ನು ಕಾಡಿದ ಇನ್ನೊಂದು ಸಂಗತಿ ನಕ್ಷೆಯ ಖರ್ಚು. ಪ್ರತಿಯೊಬ್ಬರನ್ನೂ ಕೂರಿಸಿ ಗೆಳೆಯರ ಹೆಸರು ಕೇಳುವುದು ಯಾವ ಆಸರೆಮನೆಗೂ ಸಾಧ್ಯವಿಲ್ಲ. ಇಲ್ಲಿ ಅವರ ಕೈ ಹಿಡಿದದ್ದು 1991ರಲ್ಲಿ ಸ್ಕಾಟ್ ಫೆಲ್ಡ್ ಎಂಬ ಸಮಾಜವಿಜ್ಞಾನಿ ಬರೆದಿಟ್ಟ ಒಂದು ವಿಚಿತ್ರ ಸತ್ಯ: ಹೆಚ್ಚಿನವರ ಮಟ್ಟಿಗೆ ನಮಗಿಂತ ನಮ್ಮ ಗೆಳೆಯರಿಗೆ ಗೆಳೆಯರು ಜಾಸ್ತಿ. ಹತ್ತು ಜನರ ಗೆಳೆತನ ಇರುವವನು ಹತ್ತು ಜನರ ಪಟ್ಟಿಯಲ್ಲಿ ಸಿಗುತ್ತಾನೆ, ಒಬ್ಬನೇ ಗೆಳೆಯ ಇರುವವನು ಒಂದರಲ್ಲಿ. ಹಾಗಾಗಿ ಯಾರನ್ನೋ ಕಣ್ಣು ಮುಚ್ಚಿ ಆರಿಸಿ, ಅವನ ಒಬ್ಬ ಗೆಳೆಯನನ್ನು ಹಿಡಿದರೆ, ಆ ಗೆಳೆಯ ಜನಬಳಕೆಯವನಾಗಿರುವ ಸಾಧ್ಯತೆ ಹೆಚ್ಚು. ಹೊಸದಾಗಿ ರೂಪಿಸಿದ ‘ಚೇಂಜ್’ ಎಂಬ ಪದ್ಧತಿ ಈ ಉಪಾಯದಿಂದ ಶೇ 18ರಷ್ಟು ಯುವಜನರನ್ನು ಮಾತ್ರ ವಿಚಾರಿಸಿ, ಪೂರ್ತಿ ನಕ್ಷೆ ಇದ್ದಾಗಿನಷ್ಟೇ ದೂರ ಮಾತನ್ನು ಮುಟ್ಟಿಸಿತು.

ನಂತರ ನಡೆದದ್ದು ದೊಡ್ಡ ಪರೀಕ್ಷೆ. ಒಟ್ಟು 713 ಯುವಜನರು. ಒಂದು ಗುಂಪಿಗೆ ಯಂತ್ರ ಆರಿಸಿದ ಪೀರ್ ಲೀಡರ್‌ಗಳು, ಇನ್ನೊಂದಕ್ಕೆ ಅತಿ ಹೆಚ್ಚು ಗೆಳೆಯರಿದ್ದವರು, ಮೂರನೆಯದರಲ್ಲಿ ಬರೀ ಗಮನಿಸುವುದು. ಆಯ್ಕೆಯಾದವರಿಗೆ ಅರ್ಧ ದಿನದ ತರಬೇತಿ, ಆಮೇಲೆ ಕೆಲವು ವಾರ ಭೇಟಿ ಮಾಡಿ ‘ಯಾರಿಗೆ ಹೇಳಿದೆ, ಏನೆಂದರು’ ಎಂಬ ವಿಚಾರಣೆ. ತರಬೇತಿಯಲ್ಲಿ ಭಾಷಣವಿಲ್ಲ, ಆಟ, ಚರ್ಚೆ, ಗೆಳೆಯನ ಹತ್ತಿರ ಮಾತು ತೆಗೆಯುವ ಅಭ್ಯಾಸ. 2021ರಲ್ಲಿ ವರದಿ ಬಂತು. ಯಂತ್ರದ ಗುಂಪಿನಲ್ಲಿ ಎಚ್‌ಐವಿ ಹರಡುವ ಮುಖ್ಯ ನಡವಳಿಕೆಗಳು, ಅದರಲ್ಲೂ ಕಾಂಡೋಮಿಲ್ಲದ ಸಂಪರ್ಕ, ಸಂಖ್ಯಾಶಾಸ್ತ್ರ ಒಪ್ಪುವ ಮಟ್ಟಕ್ಕೆ ಇಳಿದಿದ್ದವು. ಉಳಿದ ಎರಡರಲ್ಲಿ ಹಾಗಾಗಿರಲಿಲ್ಲ.

ಕೃತಕ ಬುದ್ಧಿಮತ್ತೆ ಎಂದೊಡನೆ ಈಗ ಎಲ್ಲರ ತಲೆಗೆ ಬರುವುದು ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಮಾತುಗಾರ ಯಂತ್ರ. ಲಾಸ್ ಏಂಜಲೀಸಿನ ಯಂತ್ರ ಒಬ್ಬ ಹುಡುಗನ ಜೊತೆಗೂ ಒಂದು ಮಾತು ಆಡಲಿಲ್ಲ. ಕಾಂಡೋಮಿನ ಮಾತನ್ನು ಎತ್ತಿದವರು, ಗೇಲಿ ಮಾಡಿಸಿಕೊಂಡವರು, ಪರೀಕ್ಷೆಗೆ ಜೊತೆಯಾಗಿ ಹೋದವರು ಹರೆಯದವರೇ. ಯಂತ್ರ ಮಾಡಿದ್ದು ಬಾರಿನ ಕೌಂಟರಿನವನ ಕೆಲಸವನ್ನು. ಅವನಿಗೆ ಕಾಣದ ಮೂಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು, ಅಷ್ಟೆ. ಇನ್ನು, ಈ ಪರೀಕ್ಷೆಯಿಂದ ಯಾರಿಗೂ ಸೂರು ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಒಂದು ರಾತ್ರಿಯ ಮಲಗುವ ಜಾಗಕ್ಕೆ ದೇಹವನ್ನು ಬೆಲೆಯಾಗಿ ಕೊಡಬೇಕಾದ ಸ್ಥಿತಿಯಲ್ಲಿರುವವರಿಗೆ ತಿಳಿವಳಿಕೆ ಎಷ್ಟು ದೂರ ಬಂದೀತು?

ಮೂಲೆಗಳ ಪ್ರಶ್ನೆಯೂ ಪೂರ್ತಿ ಬಗೆಹರಿದಿರಲಿಲ್ಲ. ಒಟ್ಟು ಸಂಖ್ಯೆಯನ್ನು ಹೆಚ್ಚಿಸುವುದೇ ಗುರಿಯಾದರೆ ಯಂತ್ರ ದೊಡ್ಡ ಗುಂಪುಗಳ ಕಡೆಗೇ ವಾಲುತ್ತದೆ. ತಾಂಬೆ ಮತ್ತು ರೈಸ್ ತೆರೆದ ಕೇಂದ್ರದ ಫೀಬಿ ವಯಾನೋಸ್ ಮತ್ತು ಸಂಗಡಿಗರು ಲಾಸ್ ಏಂಜಲೀಸಿನ ಮನೆಯಿಲ್ಲದ ಯುವಜನರ ನಕ್ಷೆಗಳನ್ನೇ ಇಟ್ಟುಕೊಂಡು, ಆತ್ಮಹತ್ಯೆ ತಡೆಯಲು ಗೆಳೆಯರ ಮೇಲೆ ಕಣ್ಣಿಡುವವರನ್ನು ಆರಿಸುವ ಲೆಕ್ಕ ಮಾಡಿದರು. ಸಂಖ್ಯೆಯಲ್ಲಿ ಕಡಿಮೆಯಿರುವ ಜನಾಂಗಗಳಿಗೆ ಸಿಗುವ ರಕ್ಷಣೆಯೂ ಕಡಿಮೆ ಎಂದು 2019ರಲ್ಲಿ ತೋರಿಸಿದರು. ಪ್ರತಿ ಗುಂಪಿಗೂ ಇಂತಿಷ್ಟು ಮುಟ್ಟಲೇಬೇಕು ಎಂಬ ಕಟ್ಟುಪಾಡು ಹಾಕಿದರೆ ಒಟ್ಟು ಫಲದಲ್ಲಿ ಆಗುವ ನಷ್ಟ ಅಲ್ಪ ಎಂದೂ ತೋರಿಸಿದರು. ಆ ಕಟ್ಟುಪಾಡನ್ನು ಯಂತ್ರ ತಾನಾಗಿ ಹಾಕಿಕೊಳ್ಳುವುದಿಲ್ಲ, ಯಾರಾದರೂ ಬರೆಯಬೇಕು.

2019ರಲ್ಲಿ ತಾಂಬೆ ಹಾರ್ವರ್ಡಿಗೆ ಹೋದರು. ಅದೇ ವರ್ಷ ಬೆಂಗಳೂರಿನಲ್ಲಿ ತೆರೆದ ಗೂಗಲ್ ಸಂಶೋಧನಾ ಪ್ರಯೋಗಾಲಯದಲ್ಲಿ ಸಾಮಾಜಿಕ ಒಳಿತಿನ ಕೃತಕ ಬುದ್ಧಿಮತ್ತೆಯ ಹೊಣೆಯನ್ನೂ ಹೊತ್ತರು. ಇಲ್ಲಿ ಸಿಕ್ಕ ಸಮಸ್ಯೆ ಮುಂಬೈನ ‘ಅರ್ಮಾನ್’ ಸಂಸ್ಥೆಯದು. ಬಸುರಿ ಬಾಣಂತಿಯರಿಗೆ ಅದರ ‘ಎಂಮಿತ್ರ’ ಯೋಜನೆ ವಾರವಾರವೂ ಆರೋಗ್ಯದ ಮಾತುಗಳನ್ನು ಫೋನಿನಲ್ಲಿ ಕೇಳಿಸುತ್ತದೆ. ಧ್ವನಿ ಮೊದಲೇ ಮುದ್ರಿಸಿದ್ದು. ಕೆಲವು ತಿಂಗಳಾದ ಮೇಲೆ ಅನೇಕರು ಕೇಳುವುದನ್ನು ಬಿಡುತ್ತಾರೆ: ಫೋನು ಗಂಡನ ಕೈಯಲ್ಲಿರುತ್ತದೆ, ಕರೆ ಬರುವ ಹೊತ್ತಿಗೆ ಕೆಲಸವಿರುತ್ತದೆ. ಕಾರ್ಯಕರ್ತೆಯೊಬ್ಬಳು ತಾನೇ ಫೋನು ಮಾಡಿ ಮಾತಾಡಿಸಿದರೆ ಮತ್ತೆ ಕೇಳತೊಡಗುತ್ತಾರೆ. ಆದರೆ ಕಾರ್ಯಕರ್ತೆಯರು ಕೆಲವೇ ಜನ, ತಾಯಂದಿರು ಲಕ್ಷಗಟ್ಟಲೆ. ಈ ವಾರ ಯಾರಿಗೆ ಮಾಡಬೇಕು? ಸುಮಾರು 23,000 ತಾಯಂದಿರ ಮೇಲೆ ನಡೆದ ಪರೀಕ್ಷೆಯಲ್ಲಿ, ಯಂತ್ರ ಆರಿಸಿದ ಹೆಸರುಗಳಿಗೆ ಕಾರ್ಯಕರ್ತೆಯರು ಕರೆ ಮಾಡಿದಾಗ ಕೇಳುವುದನ್ನು ಬಿಡುವ ಪ್ರಮಾಣ ಸುಮಾರು ಶೇ 30ರಷ್ಟು ತಗ್ಗಿತು. 2022ರಿಂದ ಆ ಯಂತ್ರ ‘ಸಹೇಲಿ’ ಎಂಬ ಹೆಸರಿನಲ್ಲಿ ಬಳಕೆಗೆ ಬಂದಿದೆ. ಪಟ್ಟಿ ಮಾಡಿಕೊಡುವುದು ಯಂತ್ರ. ಫೋನೆತ್ತಿಕೊಂಡು ‘ಯಾಕೆ, ಈಚೆಗೆ ಕರೆ ತೆಗೆಯುತ್ತಿಲ್ಲ?’ ಎಂದು ವಿಚಾರಿಸುವವಳು ಅರ್ಮಾನ್‌ನ ಕಾರ್ಯಕರ್ತೆ.